ಎರಡನೇ ಗೇರು ನಿಲ್ಲದ ಕಾರು

ವಾಮದೇವಪ್ಪನ ಕಾರಿನ ಕೀರ್ತಿ ಸಣ್ಣದಲ್ಲ. ಅದರ ಹಾರ್ನ್ ಕೇಳಿದರೆ ಎಮ್ಮೆಗಳು ತಾವೇ ಎದ್ದು ದಾರಿ ಬಿಟ್ಟು, ಕರುಗಳನ್ನು ಕರೆದು ತೋರಿಸುತ್ತಿದ್ದವಂತೆ. ಹೇಳಿದವನು ವಾಮದೇವಪ್ಪನೇ ಆದ್ದರಿಂದ ಅನುಮಾನಕ್ಕೆ ಜಾಗವಿಲ್ಲ.

ಅಂಥ ಕಾರು, ಮಗಳ ಸೀಮಂತದ ದಿನ ಬೆಳಿಗ್ಗೆ, ಹೊಳೆದಂಡೆಯ ಆಶ್ರಮದ ಮುಂದಿನ ದಿಣ್ಣೆಯಲ್ಲಿ ಮುಷ್ಕರ ಹೂಡಿತು. ಎರಡನೇ ಗೇರಿಗೆ ಹಾಕಿದರೆ ಟಕ್ ಎಂದು ಎಗರಿ ನ್ಯೂಟ್ರಲ್ಲಿಗೆ ಬೀಳುವುದು. ಮತ್ತೆ ಹಾಕಿದರೆ ಮತ್ತೆ ಟಕ್.

ಹಿಂದಿನ ಸೀಟಿನಲ್ಲಿದ್ದ ಹೆಂಡತಿ ನೀಲಮ್ಮ ಮಡಿಲಕ್ಕಿಯ ಚೀಲ ಎತ್ತಿಕೊಂಡು ಇಳಿದು, ಆಶ್ರಮದ ಎದುರಿನ ಬಸ್ ಸ್ಟಾಪಿನಲ್ಲಿ ಹೋಗಿ ಕೂತಳು.

ವಾಮದೇವಪ್ಪನೂ ಬಸ್ಸಿಗೆ ಹೋಗಬಹುದಿತ್ತು. ಆದರೆ "ನನ್ನ ಕಾರು ಬಂದು ನಿಂತ ಮೇಲೇ ಆರತಿ" ಎಂದು ಬೀಗರಿಗೆ ಹೇಳಿಯಾಗಿತ್ತು.

ಆಶ್ರಮದ ಗುರುಗಳು ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ವಾಮದೇವಪ್ಪ ಅವರ ಹತ್ತಿರ ಹೋದ.

"ಗುರುಗಳೇ, ಒಂಚೂರು ವಿಭೂತಿ ಕೊಡಿ. ಗೇರಿಗೆ ಹಚ್ಚಬೇಕು."

"ಗೇರಿಗೆ ಏನಾಯ್ತು?"

"ದೃಷ್ಟಿ ಆಗಿದೆ. ಹೋದ ವಾರದವರೆಗೂ ಒಂದು ದಿನ ತಂಟೆ ಮಾಡಿದ್ದಲ್ಲ."

"ಹೋದ ವಾರ ಏನಾಯ್ತು?"

"ಏನಿಲ್ಲ. ಬೀಗರ ಮನೇಲಿ, ಇವಳಿಗೆ ಕಾರಲ್ಲಿ ನಿದ್ದೆ ಬಿಟ್ರೆ ಬೇರೆ ಕೆಲಸ ಇಲ್ಲ ಅಂದೆ. ಎಲ್ರೂ ನಕ್ಕರು. ಅವತ್ತಿಂದ ಹಿಂದಿನ ಸೀಟು ಹಿಡಿದಿದ್ದಾಳೆ. ಮಾತೂ ಇಲ್ಲ."

ಗುರುಗಳು ಕಾಲು ಒರೆಸಿಕೊಂಡು ಎದ್ದರು. "ನಡಿ, ನೋಡೋಣ" ಎಂದು ಬಂದು ಮುಂದಿನ ಸೀಟಿನಲ್ಲಿ ಕೂತರು.

ಕಾರು ಹೊರಟಿತು. ಟಕ್.

"ಆ ಗೇರು ಒಂಚೂರು ಹಿಡ್ಕೊಳ್ಳಿ ಗುರುಗಳೇ. ಹಿಂದಕ್ಕೆ ಒತ್ತಿ ಹಿಡೀರಿ. ನಾನು ಕ್ಲಚ್ ಒತ್ತಿದಾಗ ಬಿಡಿ. ಗುಂಡಿ ಬಂದಾಗ ಮಾತ್ರ ಇನ್ನೂ ಬಿಗಿಯಾಗಿ."

"ಇಷ್ಟೆಲ್ಲ ನಿಂಗೆ ಹೇಗೆ ಗೊತ್ತು?"

"ನೀಲಮ್ಮ ಹಾಗೇ ಹಿಡೀತಿದ್ಳು. ಎಷ್ಟೋ ವರ್ಷದಿಂದ."

ಗುರುಗಳು ಹಿಡಿದರು. ಕಾರು ಪಟ್ಟದ ಆನೆಯ ಹಾಗೆ ದಿಣ್ಣೆ ಏರತೊಡಗಿತು. ವಾಮದೇವಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು.

"ನೋಡಿದ್ರಾ? ಇದನ್ನ ಹತ್ತಿಸೋಕೆ ಎಂಟೆದೆ ಬೇಕು. ಸುತ್ತ ಹತ್ತೂರಲ್ಲಿ ನನ್ನೊಬ್ಬನ ಕೈಲೇ ಆಗೋದು."

"ಹೌದಾ?" ಎಂದ ಗುರುಗಳು ಕೈ ತೆಗೆದು, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿದರು.

ಟಕ್.

ಎಂಜಿನ್ನು ಆಕಾಶಕ್ಕೆ ಕೇಳುವಂತೆ ಅರಚಿತು. ಮುಂದಕ್ಕೆ ಎಂದೂ ಹೋಗದಷ್ಟು ವೇಗವಾಗಿ ಕಾರು ಹಿಂದಕ್ಕೆ ಜಾರಿ, ಆಶ್ರಮದ ಹುಲ್ಲಿನ ಮೆದೆಗೆ ಬೆನ್ನು ಕೊಟ್ಟು ನಿಂತಿತು.

"ಯಾಕೆ ಬಿಟ್ರಿ ಗುರುಗಳೇ?"

"ನಿದ್ದೆ ಬಂತಪ್ಪ. ಈ ಸೀಟಲ್ಲಿ ಬೇರೆ ಕೆಲಸ ಏನಿದೆ?"

ವಾಮದೇವಪ್ಪ ತಲೆ ಮೇಲಿನ ಹುಲ್ಲು ಕೊಡವಿಕೊಂಡು, ಆಯುಷ್ಯದಲ್ಲೇ ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಕೇಳಿದ.

"ತಪ್ಪಾಯ್ತು ಅಂತ ಅವಳೊಬ್ಬಳಿಗೇ ಹೇಳಿದ್ರೆ ಸಾಲದಾ ಗುರುಗಳೇ? ಬೀಗರ ಮುಂದೂ ಹೇಳಬೇಕಾ?"

ಸೇತುವೆಯ ಮೇಲೆ ಬಸ್ಸಿನ ಹಾರ್ನ್ ಕೇಳಿಸಿತು. ನೀಲಮ್ಮ ಎದ್ದು ಸೆರಗು ಸರಿಮಾಡಿಕೊಂಡಳು.

ಗುರುಗಳು ಕಾರಿನಿಂದ ಇಳಿದು, ಸೀಟಿನ ಮೇಲಿನ ಧೂಳು ಒರೆಸಿ, ಬಾಗಿಲು ತೆರೆದೇ ಬಿಟ್ಟರು.

"ನನ್ನ ಕೇಳ್ತಾ ಕೂರಬೇಡ, ಓಡು. ನಿನ್ನ ಕಾರಿನ ಡ್ರೈವರು ಬಸ್ಸು ಹತ್ತೋಕೆ ಹೊರಟಿದ್ದಾರೆ."