ಎರೆ ಹೊಲದ ಬೋರ್ಡು

ಬಯಲುಸೀಮೆಯ ಒಂದು ಎರೆ ಹೊಲದಲ್ಲಿ ಮಣ್ಣು ಪರೀಕ್ಷೆಯವರು ಬೋರ್ಡೊಂದನ್ನು ನೆಟ್ಟು ಹೋದರು. ‘ಮಣ್ಣು: ಕಪ್ಪು. ಗುಣ: ಸ್ಥಿರ’ ಎಂದು ಅದರ ಮೇಲೆ ಬರೆದಿತ್ತು. ತನ್ನ ಮೈಮೇಲೆ ಬರೆದಿದ್ದಷ್ಟೇ ಲೋಕ ಎಂದು ಬೋರ್ಡು ನಂಬಿತ್ತು.

ಬೇಸಿಗೆಯಲ್ಲಿ ಹೊಲ ಬಾಯಿ ಬಿಟ್ಟಿತು. ಬೇಲಿಯ ಓತಿಕ್ಯಾತ ಓಡಿ ಬಂದು, “ಸ್ವಾಮಿ, ನಿಮ್ಮ ಕಾಲಡಿ ಬಿರುಕು ಬಿಟ್ಟಿದೆ. ಈ ಮಣ್ಣು ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಎಚ್ಚರವಾಗಿರಿ,” ಎಂದಿತು.

“ಬಿರುಕಿನ ವಿಷಯ ನನ್ನ ಮೇಲೆ ಬರೆದಿಲ್ಲ,” ಎಂದಿತು ಬೋರ್ಡು.

ಓತಿಕ್ಯಾತ ತಲೆಯಾಡಿಸಿತು. ಅದು ಅದರ ಹುಟ್ಟುಗುಣ. ಬೋರ್ಡು ಮಾತ್ರ ಅದನ್ನು ಒಪ್ಪಿಗೆ ಎಂದುಕೊಂಡು, ಅದೇ ಗತ್ತಿನಲ್ಲಿ ಕುತ್ತಿಗೆಯವರೆಗೂ ಬಿರುಕಿನೊಳಗೆ ಇಳಿಯಿತು.

“ಸ್ವಾಮಿ, ಮುಳುಗುತ್ತಿದ್ದೀರಿ.”

“ಇಲ್ಲ. ನನ್ನನ್ನು ಓದಲು ಹೊಲ ಹತ್ತಿರ ಬರುತ್ತಿದೆ.”

ಮಳೆ ಬಂತು. ಮಣ್ಣು ಉಬ್ಬಿ ಬೋರ್ಡನ್ನು ಹೊರಕ್ಕೆ ಉಗುಳಿತು. ಉಗುಳಿದ ರಭಸಕ್ಕೆ ಅದು ಮಗುಚಿ, ತಲೆ ಕೆಳಗೆ ಕಾಲು ಮೇಲಾಗಿ ಕೆಸರಿನಲ್ಲಿ ನಾಟಿಕೊಂಡಿತು.

“ಈಗಲಾದರೂ ಒಪ್ಪುತ್ತೀರಾ?” ಎಂದಿತು ಓತಿಕ್ಯಾತ.

“ಮಣ್ಣು ಇದ್ದಲ್ಲೇ ಇದೆ,” ಎಂದಿತು ಬೋರ್ಡು. “ಆಕಾಶ ಜಾರಿ ನನ್ನ ಕಾಲಡಿಗೆ ಬಂದಿದೆ. ಅದಕ್ಕೊಂದು ಬೋರ್ಡು ಹಾಕಿಸಬೇಕು.”

ಓತಿಕ್ಯಾತ ತಲೆಯಾಡಿಸಿತು.