ಹಾಗಲಕಾಯಿ ಮೊಡವೆ ಚುಚ್ಚಿಕೊಂಡ ಕಥೆ

ಕೇಳು ಪುಟ್ಟಿ, ಭೂಮಿ ಆಗಷ್ಟೇ ಹುಟ್ಟಿ, ಮಣ್ಣಿನ ಹಸಿಯೂ ಆರದ ಕಾಲ ಅದು. ಆಗ ಹಾಗಲಕಾಯಿ ಮೈ ಬೆಣ್ಣೆ ಹಂಗಿತ್ತು. ರುಚೀನೂ ಸಿಹಿ. ಅದು ಹಾಗಲಕ್ಕೂ ಗೊತ್ತಿತ್ತು, ಅದೇ ತಾಪತ್ರಯ. ಇಬ್ಬನಿ ಕಂಡಲ್ಲೆಲ್ಲ ಬಗ್ಗಿ ಮುಖ ನೋಡ್ಕೊಳ್ಳೋದೇ ಕೆಲಸ.

ಲೋಕದ ಮೊದಲನೇ ಚೌತಿ ಬಂತು. ಗಣಪನ ತಲೆ ಮೇಲೆ ಫಲಾವಳಿ ಕಟ್ಟಬೇಕು. ಅಂದ್ರೆ ಚೌಕಟ್ಟಿಗೆ ಹಿತ್ತಲ ಕಾಯಿ, ಹಣ್ಣೆಲ್ಲ ತೂಗಿ ಹಾಕಬೇಕು. ಕಟ್ಟೋಳು ಗಣಪಿಯಜ್ಜಿ. ನಟ್ಟನಡುವಿನ ಜಾಗ ಯಾರಿಗೋ ಅಂತ ಹಾಗಲಕ್ಕೆ ನಿಂತಲ್ಲಿ ನಿಲ್ಲಕ್ಕಾಗ್ತಿಲ್ಲ.

ಪಕ್ಕದ ಬಳ್ಳಿಯ ಎಳೆ ಸೌತೆಗೆ ಮೈತುಂಬ ಮೊಡವೆ ಎದ್ದಿತ್ತು.

"ಏನೇ, ಮುಖದ ಮೇಲೆ ರಾಗಿ ಒಣಹಾಕಿದೀಯ?" ಅಂತು ಹಾಗಲ.

"ನಿನ್ನ ಅಂಗಳದಲ್ಲೂ ಒಂದು ಕಾಳು ಬಿದ್ದಿದೆ ಕಣೇ, ನೋಡ್ಕೋ," ಅಂತು ಸೌತೆ.

ನೋಡಿದ್ರೆ ಹೌದು, ಕೆನ್ನೆ ಮೇಲೆ ಒಂದು. ಹಬ್ಬಕ್ಕೆ ಎಂಟೇ ದಿನ.

ಹಾಗಲ ಮುಳ್ಳು ತಗೊಂಡು ಚುಚ್ಚಿತು. ಸಂಜೆಗೆ ಮೂರಾಯ್ತು. ಕುಂಬಳತ್ತೆ, "ಬೂದಿ ತಿಕ್ಕು," ಅಂದ್ಳು. ತಿಕ್ಕಿತು. ಆರಾಯ್ತು. ನಿಂಬೆ, "ನನ್ನ ರಸ ಹಚ್ಚು, ಉರಿದ್ರೆ ಒಳ್ಳೇದು," ಅಂತು. ಹಚ್ಚಿತು. ಉರೀತು, ಹನ್ನೆರಡಾಯ್ತು. ಐದಾರು ದಿನ ಇದೇ ಆಯ್ತು, ಒತ್ತೋದು, ಕೆರೆಯೋದು, ಮತ್ತೆ ನೋಡ್ಕೊಳ್ಳೋದು.

ಹಿತ್ತಲ ಪಕ್ಕದ ಹೊಳೆಗೆ ಇದನ್ನ ನೋಡಿ ನೋಡಿ ಸಾಕಾಯ್ತು. "ಮಗಾ, ಅದು ಕೊಳೆ ಅಲ್ಲ, ತಿಕ್ಕಿದ್ರೆ ಹೋಗಕ್ಕೆ. ಪ್ರಾಯ ಬರೋವಾಗ ಒಳಗಿನ ಜಿಡ್ಡು ಉಕ್ಕಿ ಚರ್ಮದ ಕಿಂಡಿ ಕಟ್ಕೊಳ್ಳತ್ತೆ. ಬೆಳಿಗ್ಗೆ ಸಂಜೆ ಮೆತ್ತಗೆ ತೊಳ್ಕೋ. ಉಗುರು ತಾಗಿಸಬೇಡ. ಬೇವಜ್ಜನ ಹತ್ರ ಹೋಗಿ ತೋರಿಸು," ಅಂತು.

ಸೌತೆನೂ ಹೋಯ್ತು, ಹಾಗಲನೂ ಹೋಯ್ತು. ಬೇವಜ್ಜ ಇಬ್ಬರಿಗೂ ಒಂದೊಂದು ಕುಡಿಕೆ ಮದ್ದು ಕೊಟ್ಟ. "ದಿನಕ್ಕೊಂದು ಹನಿ, ಮೇಲೆ ಮಾತ್ರ ಹಚ್ಚಬೇಕು. ಎರಡು ತಿಂಗಳು."

"ಅಜ್ಜಾ, ಹಬ್ಬ ನಾಡಿದ್ದು," ಅಂತು ಹಾಗಲ.

"ಅದು ನಂಗೊತ್ತು. ಚರ್ಮಕ್ಕೆ ಗೊತ್ತಿಲ್ಲ."

ಸೌತೆ ಒಂದು ಹನಿ ಹಚ್ಕೊಂಡು ಸುಮ್ಮನಾಯ್ತು. ಹಾಗಲ ಸುಮ್ಮನಾಗೋ ಜಾತಿಯೇ? ಹನಿ ಹನಿ ಯಾರು ಕಾಯ್ತಾರೆ ಅಂತ ಎಲೆ ಮರೆಗೆ ಹೋಗಿ ಇಡೀ ಕುಡಿಕೆ ಗಟಗಟ ಕುಡೀತು. ಬೀಜದ ತನಕ ಕಹಿ ಇಳೀತು. ಮೊಡವೆ ಇದ್ದಲ್ಲೇ ಇತ್ತು. ಸಿಟ್ಟಿಗೆ ಉಳಿದದ್ದನ್ನೂ ಮುಳ್ಳಲ್ಲಿ ಚುಚ್ಚಿತು.

ಚೌತಿ ದಿನ ಗಣಪಿಯಜ್ಜಿ ಬುಟ್ಟಿ ಹಿಡ್ಕೊಂಡು ಬಂದ್ಳು. ಸೌತೆ ಮುಟ್ಟಿ, "ಇದಿನ್ನೂ ಎಳೇದು, ಬಲೀಲಿ," ಅಂತ ಬಿಟ್ಟಳು. ಆಮೇಲೆ ಎಲೆ ಎತ್ತಿ ಹಾಗಲ ನೋಡಿದಳು.

"ಏನು ಮಾಡ್ಕೊಂಡ್ಯೇ ಕೂಸೇ?"

"ಮೊಡವೆ ಇತ್ತಜ್ಜಿ. ನಡುವಿಗೆ ಕಟ್ತಿಯೋ ಇಲ್ವೋ ಅಂತ..."

"ಮೊಡವೆ ಇದ್ದಿದ್ರೆ ನಡುವಿಗೇ ಕಟ್ತಿದ್ದೆ. ಅದು ಯಾರಿಗೆ ಬರಲ್ಲ? ಇದು ಗಾಯ. ರಸ ಸೋರ್ತಿದೆ, ಗಣಪನ ತಲೆ ಮೇಲೆ ಬಿದ್ರೆ?" ಅಂದು ಅಜ್ಜಿ ಎಲೆ ಮೆತ್ತಗೆ ಮುಚ್ಚಿ, ಕುಂಬಳತ್ತೆನ ಹೊತ್ಕೊಂಡು ಹೋದ್ಳು.

ಅದಕ್ಕೇ ಪುಟ್ಟಿ, ಎಳೆ ಸೌತೆಯ ಮುಳ್ಳುಮುಳ್ಳೆಲ್ಲ ಬಲೀತಾ ಬಲೀತಾ ಉದುರಿ ಮೈ ನುಣ್ಣಗಾಗತ್ತೆ. ಹಾಗಲ ಮಾತ್ರ ಆ ಗಂಟುಗಂಟು ಮೈ, ಆ ಕಹಿ ಹೊತ್ಕೊಂಡು ಇವತ್ತಿಗೂ ಎಲೆ ಮರೇಲೇ ನೇತಾಡ್ತಿರತ್ತೆ.