ಸೊಳ್ಳೆಗೊಂದು ಚಪ್ಪಾಳೆ

ಮಲಪ್ರಭೆಯ ದಂಡೆಯಲ್ಲಿ ಅಮೀನಸಾಬ ಎಂಬ ಲಾವಣಿ ಗುರುವಿದ್ದರು. ಎಪ್ಪತ್ತು ದಾಟಿತ್ತು. ಹಲ್ಲು ಅರ್ಧ ಉದುರಿದ್ದವು. ನಗು ಮಾತ್ರ ಪೂರ್ತಿ ಉಳಿದಿತ್ತು.

ಅವರ ಶಿಷ್ಯೆ ಯಮನವ್ವ. ಪದ ಕಟ್ಟುವುದರಲ್ಲಿ ಆ ಸೀಮೆಯಲ್ಲಿ ಅವಳಿಗೆ ಸಾಟಿ ಇರಲಿಲ್ಲ.

ಆದರೆ ಲಾವಣಿಯ ಸವಾಲ್-ಜವಾಬಿನಲ್ಲಿ ಪದ ಕಟ್ಟಿದರೆ ಮುಗಿಯುವುದಿಲ್ಲ. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲೇ ಕೆಣಕುತ್ತದೆ, ಇನ್ನೊಂದು ಹಾಡಿನಲ್ಲೇ ಉತ್ತರ ಕೊಡಬೇಕು. ಗೆದ್ದವರು ಯಾರೆಂದು ಕೂತ ಜನ ಹೇಳುತ್ತಾರೆ.

ಯಮನವ್ವ ಎರಡು ಸಲ ಸೋತಿದ್ದಳು. ಎರಡು ಸಲವೂ ಮೇಲಿನೂರಿನ ಭರಮಣ್ಣನ ಎದುರು.

ಮೂರನೆಯ ಸಲವೂ ಸೋತರೆ ಮೇಳದ ಚರ್ಮವಾದ್ಯವಾದ ದಪ್ಪಿಗೆ ಕಟ್ಟಿದ ಗೊಂಡೆಯನ್ನು ಬಿಚ್ಚಿ ಎದುರಿನವರಿಗೆ ಕೊಡಬೇಕೆಂಬುದು ಅಲ್ಲಿಯ ಪದ್ಧತಿ. ಆ ಗೊಂಡೆಯನ್ನು ಅಮೀನಸಾಬರ ದಪ್ಪಿಗೆ ಕಟ್ಟಿದವರು ಅವರ ಗುರು. ಗೊಂಡೆ ಹೋದರೆ ಮೇಳದ ಹೆಸರೂ ಹೋದ ಹಾಗೆ.

"ಅಂವನ ಪದದಾಗ ಏನೂ ಇಲ್ರಿ ಅಜ್ಜಾರ," ಎಂದಳು ಯಮನವ್ವ. "ಬರೇ ಗುಡುಗು."

"ಮಳಿ ಬರ್ಲಿ ಬಿಡ್ಲಿ, ಗುಡುಗಿದ್ರ ಎಲ್ಲಾರೂ ತಲಿ ಎತ್ತಿ ನೋಡ್ತಾರ," ಎಂದರು ಅಮೀನಸಾಬ.

"ಹಂಗಾದ್ರ ನಾನೂ ಗುಡುಗ್ಲೇನ್ರಿ?"

ಗುರು ಹೊಳೆಯ ಆಚೆ ದಂಡೆಗೆ ಕೈ ತೋರಿಸಿದರು. ಅಲ್ಲೊಬ್ಬ ಹೆಂಗಸು ಈ ಕಡೆಗೆ ಬೆನ್ನು ಹಾಕಿ ಬಟ್ಟೆ ಒಗೆಯುತ್ತಿದ್ದಳು.

"ಒಂದ ಒಂದು ಸಾಲು ಹಾಡಿ ಅಕಿನ್ನ ಹೊಳ್ಳಿಸು, ನೋಡೋಣು."

ಯಮನವ್ವ ಎದೆ ತುಂಬ ಉಸಿರೆಳೆದು, ತನ್ನ ಅತಿ ಚೆಂದದ ಸಾಲನ್ನು ಕೂಗಿ ಹಾಡಿದಳು. ಗಂಟಲು ಒಡೆಯಿತು. ಮರದ ಮೇಲಿನ ಬೆಳ್ಳಕ್ಕಿಗಳು ಹಾರಿಹೋದವು. ಆ ಹೆಂಗಸು ಹೊರಳಿ ನೋಡಲಿಲ್ಲ.

ಅಮೀನಸಾಬ ಎದ್ದರು. ಸ್ವಲ್ಪ ಹೊತ್ತು ಆ ದಂಡೆಯನ್ನೇ ನೋಡಿದರು. ಆಮೇಲೆ ಕೀಲು ಸವೆದ ಬಾಗಿಲಿನಂಥ ತಮ್ಮ ದನಿಯಲ್ಲಿ ಅಂದರು:

"ಯವ್ವಾ, ಧೋತರ ಹೊಂಟೈತಿ!"

ಹೆಂಗಸು ಗಕ್ಕನೆ ಹೊರಳಿದಳು. ನಿಜವಾಗಿಯೂ ಅವಳ ಗಂಡನ ಧೋತರ ಒಂದೆಡೆ ನೀರಿಗೆ ಜಾರಿ, ತೇಲುತ್ತ ಹೊರಟಿತ್ತು. ಸೀರೆ ಎತ್ತಿ ಕಟ್ಟಿ, ಬಯ್ಯುತ್ತ ಅದರ ಹಿಂದೆ ಓಡಿದಳು.

"ಇದು ಹಾಡಲ್ರಿ!" ಎಂದು ಯಮನವ್ವ ಸಿಟ್ಟಾದಳು.

"ಹೌದು, ಹಾಡಲ್ಲ. ನೀ ನಿನ್ನ ಸಾಲು ನೋಡಾಕತ್ತಿದ್ದಿ. ನಾ ಅಕಿ ಧೋತರ ನೋಡಾಕತ್ತಿದ್ದೆ."

ಯಮನವ್ವನಿಗೆ ಸಿಟ್ಟು ಹೋಗಿ ನಗು ಬಂತು. ನಕ್ಕಳು, ಆದರೆ ಆ ಮಾತು ಅವಳೊಳಗೆ ಮುಳ್ಳಿನಂತೆ ಸಿಕ್ಕಿಕೊಂಡಿತು.

ಮರುದಿನ ಗುರು ಅವಳನ್ನು ಹಸಿ ಉಸುಕಿನ ಮೇಲೆ ನಿಲ್ಲಿಸಿ ಹಾಡಿಸಿದರು. ಹಾಡು ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಸರಿಸಿ ಹೆಜ್ಜೆಯ ಗುರುತು ತೋರಿಸಿದರು. ಬೆರಳುಗಳು ಆಳವಾಗಿ ಊರಿದ್ದವು. ಹಿಮ್ಮಡಿಯ ಗುರುತೇ ಇರಲಿಲ್ಲ.

"ಏನಿದು ಅಜ್ಜಾರ?"

"ಹಾಡೋವಾಗ ನೀ ಅರ್ಧ ಇಲ್ಲಿ ಇದ್ದಿ. ಉಳಿದರ್ಧ ಆಗಲೇ ಮನಿಗೆ ಓಡಾಕತ್ತಿತ್ತು."

ಒಂದು ತಿಂಗಳು ಅವಳು ಹೊಸ ಪದ ಕಟ್ಟಲಿಲ್ಲ. ಉಸುಕಿನಲ್ಲಿ ನಿಂತು ಹಾಡಿದಳು, ಬಗ್ಗಿ ಗುರುತು ನೋಡಿದಳು, ಅಳಿಸಿದಳು, ಮತ್ತೆ ನಿಂತಳು. ಹಿಮ್ಮಡಿ ದಿನಕ್ಕಿಷ್ಟು ಊರತೊಡಗಿತು.

ಮೂರನೆಯ ಸವಾಲಿನ ದಿನ ಬಂತು. ಸಂತೆಯ ಬಯಲಿನಲ್ಲಿ ಇಳಿಹೊತ್ತಿಗೆ ಜನ ಕಿಕ್ಕಿರಿದಿದ್ದರು. ಯಮನವ್ವ ಮೂವತ್ತು ಸಾಲು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಭರಮಣ್ಣ ಮೀಸೆ ತಿರುವಿ, ದಪ್ಪು ಎತ್ತಿ, ಗುಡುಗಿದ:

"ಸೊಳ್ಳಿ ಒಂದು ಸೀರಿ ಉಟ್ಟು ಹಾಡಾಕ ಬಂದೈತಿ,
ಚಪ್ಪಾಳಿ ಒಂದು ತಟ್ಟಿಬಿಡ್ರಿ, ಸತ್ತ ಹೋಗತೈತಿ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಿಂದಿನ ಎರಡು ಸಲವೂ ಭರಮಣ್ಣ ಹಾಡುವಾಗ ಯಮನವ್ವ ತನ್ನ ಸಾಲುಗಳನ್ನು ತುಟಿಯಲ್ಲೇ ಗುನುಗುತ್ತಿದ್ದಳು. ಅವನು ಏನಂದನೆಂದು ಅವಳಿಗೆ ತಿಳಿದೇ ಇರಲಿಲ್ಲ. ಇವತ್ತು ಕಿವಿಗೆ ಬಿತ್ತು. ಬಿದ್ದದ್ದೇ ತಡ, ಅವಳಿಗೂ ನಗು ತಡೆಯಲಾಗಲಿಲ್ಲ. ಸಾಲು ಚೆನ್ನಾಗಿತ್ತು!

ನಕ್ಕ ನಗೆಗೆ ಮೂವತ್ತು ಸಾಲುಗಳೂ ತಲೆಯಿಂದ ಹಾರಿಹೋದವು.

ಹಿಂದೆ ಕೂತಿದ್ದ ಅಮೀನಸಾಬರ ಕಡೆ ನೋಡಬೇಕೆನ್ನಿಸಿತು. ನೋಡಲಿಲ್ಲ. ಹಿಮ್ಮಡಿ ಊರಿದಳು. ಎದುರಿಗೆ ಕೂತವರನ್ನು ನೋಡಿದಳು. ಮುಂದಿನ ಸಾಲಿನ ಮುದುಕ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಒಬ್ಬ ತಾಯಿ ಮಗುವಿನ ಎರಡೂ ಕೈ ಹಿಡಿದು, ಇನ್ನೇನು ಚಪ್ಪಾಳೆ ತಟ್ಟಿಸುವವಳಿದ್ದಳು.

ಯಮನವ್ವ ಆ ನಗು ತಾನಾಗಿ ಇಳಿಯುವವರೆಗೆ ಕಾದಳು. ಭರಮಣ್ಣನೂ ಮೀಸೆಯಿಂದ ಕೈ ತೆಗೆದು ನೋಡತೊಡಗಿದ.

ಆಗ ಅವಳು ಹಾಡಿದಳು. ತಗ್ಗಿದ ದನಿ, ಮಗ್ಗುಲಲ್ಲಿ ಕೂತವರಿಗೆ ಹೇಳುವಂತೆ. ದಪ್ಪು ಬಾರಿಸುವವನೂ ಕೈ ನಿಲ್ಲಿಸಿದ. ಬಯಲಿಗೆ ಬಯಲೇ ಮುಂದಕ್ಕೆ ಬಾಗಿತು.

"ಸೊಳ್ಳಿ ಹೌದು ಭರಮಣ್ಣ, ಸಣ್ಣ ದನಿ ನಂದೈತಿ,
ಆನಿಯಂಥ ನಿನ್ನ ನಿದ್ದಿ ಯಾರ ಕೈಯಾಗೈತಿ?"

ಯಾರೋ "ಅರೆರೆ!" ಎಂದರು. ಅವಳು ಎರಡು ಹೆಜ್ಜೆ ಮುಂದೆ ಬಂದು ಜನರತ್ತ ತೋಳು ಚಾಚಿದಳು. ಈಗ ದನಿ ಏರಿತು:

"ಸೊಳ್ಳಿ ಕೊಲ್ಲೋ ಚಪ್ಪಾಳಿ ಎಲ್ಲಿ? ತಟ್ರಿ ಅಣ್ಣದೇರ!
ಎಷ್ಟು ತಟ್ಟಿದ್ರ ಸಾಯ್ತೀನಂತ ನೋಡೋಣು ಅಕ್ಕದೇರ!"

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಮೊದಲು ಆ ಮಗುವಿನ ಚಪ್ಪಾಳೆ ಕೇಳಿಸಿತು. ಆಮೇಲೆ ಇಡೀ ಬಯಲೇ ತಟ್ಟಿತು. ಎದ್ದು ನಿಂತು ತಟ್ಟಿದರು, ಸೀಟಿ ಹೊಡೆದರು, ತಲೆಯ ಪಟಗ ಬಿಚ್ಚಿ ಹಾರಿಸಿದರು. ಆ ಚಪ್ಪಾಳೆಯ ನಡುವೆ ಯಮನವ್ವ ಕದಲದೆ ನಿಂತಿದ್ದಳು. ಯಾರು ಗೆದ್ದರೆಂದು ಯಾರೂ ಕೇಳಬೇಕಾಗಲಿಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಭರಮಣ್ಣನೇ.

ಜನ ಚದುರಿದ ಮೇಲೆ ಅವನು ಅಮೀನಸಾಬರ ಹತ್ತಿರ ಬಂದು ಕಾಲಿಗೆರಗಿದ.

"ಖರೇ ಹೇಳ್ರಿ ಅಜ್ಜಾರ. ಆ ಚಪ್ಪಾಳಿ ಸಾಲು ಅಕಿಗೆ ಕೊಟ್ಟಾವ್ರು ನೀವ ಹೌದಲ್ರಿ?"

ಅಮೀನಸಾಬ ಅವನ ಭುಜ ಹಿಡಿದು ಎಬ್ಬಿಸಿದರು.

"ಕೊಟ್ಟಾವ ನೀನಪಾ. ಅಕಿ ಬರೇ ಕೇಳಿಸಿಕೊಂಡ್ಳು."